ಬಂಗಾರದ ತೆರೆಯ ಮೇಲಿನ ಆ ಬಂದರು ನಮ್ಮ ಗೋವಾನಾ?

ಪ್ರಶ್ನೆ: ನಾನು ಕಾರವಾರದವನು. ಜಪಾನಿನ ಕೋಬೆ ಊರಿನಲ್ಲಿ ಕೆಲಸ ಮಾಡುವ ಮಗಳು ಅಲ್ಲಿನ ಮ್ಯೂಸಿಯಂನಲ್ಲಿ ನೋಡಿದ ಒಂದು ಹಳೇ ಚಿತ್ರದ ಫೋಟೊ ಕಳಿಸಿದ್ದಾಳೆ. ಮಡಿಸುವ ದೊಡ್ಡ ಪರದೆ, ತುಂಬಾ ಬಂಗಾರದ ಬಣ್ಣ. ಒಂದು ಕಡೆ ಕಪ್ಪು ಹಡಗು, ಉಬ್ಬಿದ ಚಲ್ಲಣ ಹಾಕಿದ ಉದ್ದ ಮೂಗಿನ ಬಿಳಿಯರು, ಅವರ ಹಿಂದೆ ಕೊಡೆ ಹಿಡಿದ ಕಪ್ಪು ಮೈಬಣ್ಣದ ಆಳು. ಇನ್ನೊಂದು ಕಡೆ ಆನೆ ಇರುವ ಯಾವುದೋ ಬಂದರು. ಅದು ಗೋವಾ ಇರಬಹುದು ಅಂತ ಅವಳಿಗೆ ಯಾರೋ ಹೇಳಿದರಂತೆ. ಗೋವಾ ನಮಗೆ ಪಕ್ಕದ ಊರು. ಆದರೆ ಚಿತ್ರದಲ್ಲಿ ಗೋವಾದ್ದು ಅನ್ನುವಂಥದ್ದು ಒಂದೂ ಕಾಣಲಿಲ್ಲ. ಇಂಥ ಚಿತ್ರಗಳನ್ನು ಎಷ್ಟರಮಟ್ಟಿಗೆ ನಂಬಬಹುದು?

ಉತ್ತರ: ನಿಮ್ಮ ಕಣ್ಣು ಸರಿಯಾಗಿಯೇ ನೋಡಿದೆ. ಆ ಚಿತ್ರದ ಅರ್ಧ ಭಾಗವನ್ನು ಧೈರ್ಯವಾಗಿ ನಂಬಬಹುದು. ಇನ್ನರ್ಧ ಪೂರ್ತಿ ಕಲ್ಪನೆ. ಆ ಕಲ್ಪನೆಯ ಭಾಗದಲ್ಲೇ ಗೋವಾ ಇರುವುದು.

ನೀವು ಹೇಳಿದ ಲಕ್ಷಣ ನೋಡಿದರೆ ಅದು ಕೋಬೆ ನಗರ ಮ್ಯೂಸಿಯಂನಲ್ಲಿರುವ ಜಪಾನಿ ಚಿತ್ರಕಾರ ಕಾನೋ ನೈಝೆನ್ ಬರೆದ ತೆರೆ ಇರಬೇಕು. ಈ ಬಗೆಯ ಚಿತ್ರಗಳಿಗೆ ಜಪಾನಿನಲ್ಲಿ ‘ನಾನ್‌ಬಾನ್ ಬ್ಯೋಬು’ ಅನ್ನುತ್ತಾರೆ. ಬ್ಯೋಬು ಅಂದರೆ ಮಡಿಸುವ ತೆರೆ. ನಾನ್‌ಬಾನ್ ಅಂದರೆ ದಕ್ಷಿಣದ ಒರಟರು, ನಮ್ಮ ಮಾತಿನಲ್ಲಿ ದಕ್ಷಿಣದ ಮ್ಲೇಚ್ಛರು. ಪೋರ್ಚುಗೀಸರು ಹುಟ್ಟಿದ್ದು ಪಶ್ಚಿಮದಲ್ಲಿ, ಆದರೆ ಅವರ ಹಡಗು ಜಪಾನಿಗೆ ಬಂದದ್ದು ದಕ್ಷಿಣದ ಕಡಲಿನಿಂದ. ಅದಕ್ಕೇ ಆ ಹೆಸರು. ಬೈಗುಳವಾಗಿ ಹುಟ್ಟಿದ ಮಾತು ಆಮೇಲೆ ಹೊಸತು, ವಿಚಿತ್ರ, ಬೆಲೆಬಾಳುವಂಥದ್ದು ಅನ್ನುವ ಅರ್ಥಕ್ಕೆ ತಿರುಗಿತು. ಇವತ್ತಿಗೂ ಜಪಾನಿನ ಹೋಟೆಲುಗಳಲ್ಲಿ ಚಿಕನ್ ನಾನ್‌ಬಾನ್ ಸಿಗುತ್ತದೆ. ಮಗಳನ್ನು ಕೇಳಿ ನೋಡಿ, ತಿಂದಿರುತ್ತಾಳೆ.

ಮೊದಲು ಆ ತೆರೆ ಹೇಗಿರುತ್ತದೆ ಅಂತ ಹೇಳುತ್ತೇನೆ. ಫೋಟೊದಲ್ಲಿ ಅದು ಚಪ್ಪಟೆ ಚಿತ್ರದಂತೆ ಕಾಣುತ್ತದೆ, ಅಲ್ವಾ? ನಿಜವಾಗಿ ಅದು ನೆಲದ ಮೇಲೆ ಅಂಕುಡೊಂಕಾಗಿ ನಿಲ್ಲುವ ವಸ್ತು. ಒಂದೊಂದು ತೆರೆಗೆ ಆರು ಮಡಿಕೆ, ಎರಡು ತೆರೆ ಸೇರಿದರೆ ಒಂದು ಜೋಡಿ. ಎತ್ತರ ಒಂದೂವರೆ ಮೀಟರಿನ ಆಸುಪಾಸು. ಬಿಡಿಸಿದರೆ ಒಂದೊಂದರ ಅಗಲ ಮೂರೂವರೆ ಮೀಟರಿಗೂ ಜಾಸ್ತಿ. ಮಡಿಕೆಗಳನ್ನು ಜೋಡಿಸುವುದು ಲೋಹದ ಕೀಲಲ್ಲ, ಕಾಗದದ ಪಟ್ಟಿ. ಹಾಗಾಗಿ ಎರಡೂ ಕಡೆ ಮಡಿಯುತ್ತದೆ, ನಡುವೆ ಸಂದು ಕಾಣುವುದಿಲ್ಲ. ಚಿತ್ರಕಾರ ಆರು ಮಡಿಕೆಯ ಮೇಲೂ ಒಂದೇ ಹಡಗನ್ನು ಹರಡಬಹುದು. ಹಿನ್ನೆಲೆಗೆ ಬಂಗಾರದ ತೆಳು ಹಾಳೆಗಳ ಚೌಕಗಳನ್ನು ಒಂದರ ಪಕ್ಕ ಒಂದು ಅಂಟಿಸುತ್ತಾರೆ. ಹತ್ತಿರ ಹೋದರೆ ಚೌಕಗಳ ಅಂಚು ಒಂದರ ಮೇಲೊಂದು ಬಂದ ಗೆರೆ ಕಾಣುತ್ತದೆ. ಹಸಿರು, ನೀಲಿ ಬಣ್ಣಗಳು ತಾಮ್ರದ ಖನಿಜವನ್ನು ಅರೆದು ಮಾಡಿದವು. ಬಿಳಿ ಬಣ್ಣ ಚಿಪ್ಪನ್ನು ಪುಡಿ ಮಾಡಿದ್ದು. ಇದನ್ನು ಚಾಪೆಯ ಮೇಲೆ ಕೂತು, ದೀಪದ ಬೆಳಕಿನಲ್ಲಿ ನೋಡುತ್ತಿದ್ದರು. ಬೆಳಕು ಅಲುಗಿದಾಗ ಬಂಗಾರವೂ ಅಲುಗುತ್ತದೆ. ಮಡಿಕೆಯ ಉಬ್ಬುತಗ್ಗಿನಲ್ಲಿ ಹಡಗು ಮುಂದೆ ಬಂದ ಹಾಗೆ ತೋರುತ್ತದೆ. ಮಗಳಿಗೆ ಬಿಡುವಿದ್ದರೆ ಇನ್ನೊಂದು ಸಲ ಹೋಗಿ, ತೆರೆಯ ಮುಂದೆ ಮಂಡಿಯೂರಿ ನೋಡಲು ಹೇಳಿ.

ಇನ್ನೊಂದು ಮಾತು. ಇದನ್ನು ಬಲದಿಂದ ಎಡಕ್ಕೆ ಓದಬೇಕು. ನಾವು ಕನ್ನಡದವರು ರೂಢಿಯಿಂದ ಎಡದಿಂದ ಶುರು ಮಾಡುತ್ತೇವೆ.

ಬಲಗಡೆಯ ತೆರೆ ನಾಗಾಸಾಕಿ. ಹಡಗು ಬಂದು ನಿಂತಿದೆ, ಹಾಯಿ ಸುತ್ತಿದ್ದಾರೆ, ಸರಕು ಇಳಿಯುತ್ತಿದೆ. ಹಡಗಿನ ಮುಖ್ಯಸ್ಥ ಕೊಡೆಯ ನೆರಳಿನಲ್ಲಿ ಮೆರವಣಿಗೆ ಹೊರಟಿದ್ದಾನೆ. ಎದುರುಗೊಳ್ಳಲು ಪಾದ್ರಿಗಳು ನಿಂತಿದ್ದಾರೆ. ಕಪ್ಪು ನಿಲುವಂಗಿಯವರು ಜೆಸ್ಯೂಟರು, ಕಂದು ಬೂದು ಬಟ್ಟೆಯವರು ಫ್ರಾನ್ಸಿಸ್ಕನ್ನರು. ಇವು ಪಾದ್ರಿಗಳ ಎರಡು ಬೇರೆ ಪಂಥ, ಚಿತ್ರಕಾರ ಆ ಭೇದವನ್ನು ಗುರುತಿಸಿದ್ದಾನೆ ಅನ್ನುವುದನ್ನು ಗಮನಿಸಿ. ಮೇಲೆ ಒಂದು ಇಗರ್ಜಿ ಇದೆ, ಆದರೆ ಅದರ ಮಾಡು ಜಪಾನಿ ದೇವಸ್ಥಾನದ ಹೆಂಚಿನ ಮಾಡು. ಇದು ತಪ್ಪಲ್ಲ. ಅಲ್ಲಿನ ಇಗರ್ಜಿಗಳು ಹಾಗೇ ಇದ್ದವು. ಅಲ್ಲಿನ ಬಡಗಿಗಳು, ಅಲ್ಲಿನ ಮರ. ಬೀದಿಯ ಎರಡೂ ಬದಿ ಅಂಗಡಿಗಳು, ಬಾಗಿಲಿನಿಂದ ಇಣುಕುವ ಜನ.

ಈ ಭಾಗವನ್ನು ಏಕೆ ನಂಬಬಹುದು? 1592ರ ಹೊತ್ತಿಗೆ, ಆಗ ಜಪಾನನ್ನು ಆಳುತ್ತಿದ್ದ ಟೊಯೊಟೊಮಿ ಹಿದೆಯೋಶಿ ಕೊರಿಯಾದ ಮೇಲೆ ದಂಡೆತ್ತಿ ಹೋಗಲು ಕ್ಯುಶು ದ್ವೀಪದಲ್ಲಿ ನಗೋಯಾ ಅನ್ನುವ ಕೋಟೆ ಕಟ್ಟಿಸಿದ. ಅದರ ಗೋಡೆಗಳ ಅಲಂಕಾರಕ್ಕೆ ಕಾನೋ ಮನೆತನದ ಚಿತ್ರಕಾರರು ಹೋದರು. ನಾಗಾಸಾಕಿ ಅಲ್ಲಿಂದ ದೂರವಲ್ಲ. ಅವರು ಆ ಜನರನ್ನು ಕಣ್ಣಾರೆ ಕಂಡಿರಬೇಕು ಅನ್ನುವುದು ಈ ವಿಷಯ ಓದಿಕೊಂಡವರ ಅಭಿಪ್ರಾಯ, ನನ್ನದೂ ಅದೇ. ಬಟ್ಟೆಯ ಗುಂಡಿ, ಕತ್ತಿನ ನೆರಿಗೆಪಟ್ಟಿ, ಕೈಯಲ್ಲಿನ ಕರವಸ್ತ್ರ, ಬೇಟೆನಾಯಿಯ ಸಣ್ಣ ಸೊಂಟ, ಇಂಥವನ್ನೆಲ್ಲ ಕೂತಲ್ಲಿ ಕಲ್ಪಿಸಿಕೊಳ್ಳುವುದು ಸುಲಭವಲ್ಲ. ಆ ಉಬ್ಬಿದ ಚಲ್ಲಣಕ್ಕೆ ಪೋರ್ಚುಗೀಸರು ಕಾಲ್ಸಾಂವ್ ಅನ್ನುತ್ತಿದ್ದರು. ಜಪಾನಿಗಳ ಬಾಯಲ್ಲಿ ಅದು ‘ಕರುಸಾನ್’ ಆಯಿತು. ಅವರೂ ಹೊಲಿಸಿಕೊಂಡು ಹಾಕಿಕೊಂಡರು. ಮಾತುಗಳ ವಿಷಯ ಬಂದಾಗ ಇನ್ನೊಂದು: ನಮ್ಮಲ್ಲಿ ಪಾದ್ರಿ, ಅವರಲ್ಲಿ ‘ಬತೆರೆನ್’. ನಮ್ಮಲ್ಲಿ ಪಾವ್, ಅವರಲ್ಲಿ ‘ಪಾನ್’. ಒಂದೇ ಹಡಗು ಇಳಿಸಿಹೋದ ಮಾತುಗಳು ಇವು. ತಿರುಗಿ ‘ಬ್ಯೋಬು’ ಅನ್ನುವ ಮಾತೂ ಆ ಹಡಗನ್ನು ಹತ್ತಿ ಪೋರ್ಚುಗಲ್ಲಿಗೆ ಹೋಗಿ ‘ಬಿಯೊಂಬು’ ಆಯಿತು.

ಹಾಗಂತ ಬಲಗಡೆಯೂ ಫೋಟೊ ಅಲ್ಲ. ಮೂಗುಗಳನ್ನು ಬೇಕೆಂದೇ ಉದ್ದ ಮಾಡಿದ್ದಾರೆ. ಹಗ್ಗಗಳ ಮೇಲೆ ನಾವಿಕರು ದೊಂಬರಾಟದವರಂತೆ ತಲೆಕೆಳಗಾಗಿ ನೇತಾಡುತ್ತಾರೆ. ನಾಗಾಸಾಕಿಯ ಜನ ದಂಡೆಯಲ್ಲಿ ನಿಂತು ಬೆರಗಾಗಿ ನೋಡಿದ್ದನ್ನು ಚಿತ್ರಕಾರ ಇನ್ನೊಂದಿಷ್ಟು ಏರಿಸಿ ಬರೆದಿದ್ದಾನೆ, ಅಷ್ಟೇ.

ಈಗ ನಿಮ್ಮ ಗೋವಾಕ್ಕೆ ಬರೋಣ. ಎಡಗಡೆಯ ತೆರೆಯಲ್ಲಿ ಹಡಗು ಹಾಯಿ ಬಿಚ್ಚಿ ಹೊರಟಿದೆ. ಹಿಂದೆ ಒಂದು ವಿದೇಶಿ ಪಟ್ಟಣ. ಇದು ಹಡಗು ಹೊರಟ ಬಂದರು. ಗೋವಾ ಇರಬಹುದು ಅಥವಾ ಮಕಾವ್ ಇರಬಹುದು ಅನ್ನುತ್ತಾರೆ. ಆದರೆ ಕಟ್ಟಡಗಳನ್ನು ನೋಡಿ. ಮೇಲಕ್ಕೆ ತಿರುಗಿದ ಚಾವಣಿ, ಕೆಂಪು ಕಂಬ, ಹಸಿರು ಹೆಂಚು. ಎಲ್ಲಾ ಚೀನಾದ ಧಾಟಿ. ಕಾನೋ ಚಿತ್ರಕಾರರು ಚಿಕ್ಕಂದಿನಿಂದ ಕೈ ಪಳಗಿಸಿದ್ದು ಚೀನಾದ ಚಿತ್ರಗಳನ್ನು ನಕಲು ಮಾಡಿ. ಪರದೇಶ ಬರೆ ಅಂದರೆ ಅವರ ಕೈಗೆ ಬರುತ್ತಿದ್ದದ್ದು ಚೀನಾ. ಇದೇ ಬಗೆಯ ಬೇರೆ ಕೆಲವು ತೆರೆಗಳಲ್ಲಿ ವಿದೇಶಿ ಹೆಂಗಸರೂ ಇದ್ದಾರೆ, ಅವರು ಹಳೇ ಚೀನೀ ಚಿತ್ರದ ರಾಣಿಯರ ಹಾಗೇ ಇದ್ದಾರೆ. ಪೋರ್ಚುಗೀಸ್ ಹೆಂಗಸರನ್ನು ಆ ಚಿತ್ರಕಾರರು ನೋಡಿರಲೇ ಇಲ್ಲ.

ಆನೆಯ ವಿಷಯ ಸ್ವಲ್ಪ ಬೇರೆ. ಜಪಾನಿನಲ್ಲಿ ಆನೆ ಇಲ್ಲ. ಆದರೆ ಬಿಳಿ ಆನೆಯ ಮೇಲೆ ಕೂತ ಬೋಧಿಸತ್ವನ ಚಿತ್ರ ಶತಮಾನಗಳಿಂದ ಇತ್ತು. ಹೀಗಾಗಿ ಆನೆ ಅಂದರೆ ಬುದ್ಧನ ನಾಡು, ಆನೆ ಅಂದರೆ ‘ತೆಂಜಿಕು’. ನಮ್ಮ ದೇಶಕ್ಕೆ ಅವರ ಹಳೇ ಹೆಸರು ಅದು. ಅದಲ್ಲದೆ 1597ರಲ್ಲಿ ಮನಿಲಾದ ಸ್ಪೇನಿನವರು ಹಿದೆಯೋಶಿಗೆ ಒಂದು ನಿಜವಾದ ಆನೆಯನ್ನೇ ಕಾಣಿಕೆ ಕಳಿಸಿದರು. ಅದು ಒಸಾಕಾದವರೆಗೂ ಹೋಯಿತು. ನೈಝೆನ್ ಹಿದೆಯೋಶಿಯ ಮನೆತನಕ್ಕೆ ಕೆಲಸ ಮಾಡುತ್ತಿದ್ದವನು, ಆಗ 27ರ ಹರೆಯ.

ಇಲ್ಲಿ ಒಂದು ಕತೆ ಹೇಳಲೇಬೇಕು. ಜೆಸ್ಯೂಟ್ ಪಾದ್ರಿ ಫ್ರಾನ್ಸಿಸ್ ಝೇವಿಯರ್ 1549ರಲ್ಲಿ ಗೋವಾದಿಂದ ಹೊರಟು ಜಪಾನಿನ ಕಾಗೋಶಿಮಾಕ್ಕೆ ಹೋಗಿ ಇಳಿದ. ಅವನ ದೇಹ ಈಗಲೂ ಹಳೇ ಗೋವಾದ ಇಗರ್ಜಿಯಲ್ಲಿದೆ, ನೀವು ನೋಡಿಯೇ ಇರುತ್ತೀರಿ. ತೆಂಜಿಕುವಿನಿಂದ ಯಾರೋ ಗುರುಗಳು ಬಂದಿದ್ದಾರೆ ಅಂದಾಗ ಅಲ್ಲಿನ ಎಷ್ಟೋ ಜನ ಇದು ಬೌದ್ಧಧರ್ಮದ್ದೇ ಒಂದು ಹೊಸ ಪಂಥ ಅಂದುಕೊಂಡರು. ಝೇವಿಯರ್ ಕೂಡ ಶುರುವಿನಲ್ಲಿ ದೇವರು ಅನ್ನಲು ‘ದೈನಿಚಿ’ ಅನ್ನುವ ಮಾತನ್ನು ಬಳಸಿದ. ಅದು ಬುದ್ಧನ ಒಂದು ಹೆಸರು. ತಪ್ಪು ತಿಳಿದ ಮೇಲೆ ಬಿಟ್ಟ. ಆ ತೆರೆಯಲ್ಲಿ ಆನೆ ಬಂದು ನಿಂತಿರುವುದನ್ನು ನೋಡಿದಾಗೆಲ್ಲ ನನಗೆ ಈ ಗೊಂದಲ ನೆನಪಾಗುತ್ತದೆ. ಚಿತ್ರಕಾರನಿಗೆ ಗೋವಾ ಅಂದರೆ ಪೋರ್ಚುಗೀಸರ ಪೇಟೆ ಅಲ್ಲ. ಅದು ಚೀನಾದ ಅರಮನೆಯೂ ಬುದ್ಧನ ಆನೆಯೂ ಒಟ್ಟಿಗಿರುವ ದೂರದ ನಾಡು.

ಎರಡು ತೆರೆಗಳ ನಡುವಿನ ಕಡಲನ್ನು ಬಂಗಾರದ ಮೋಡ ಮುಚ್ಚಿಬಿಡುತ್ತದೆ. ನಿಜವಾದ ದಾರಿ ಎಷ್ಟು ಉದ್ದ ಗೊತ್ತಾ? ಗೋವಾದಿಂದ ಹಡಗು ಏಪ್ರಿಲ್–ಮೇ ಹೊತ್ತಿಗೆ ಮಳೆಗಾಲದ ಗಾಳಿ ಹಿಡಿದು ಹೊರಡುತ್ತಿತ್ತು. ಮಕಾವ್‌ನಲ್ಲಿ ಚೀನಾದ ರೇಷ್ಮೆ ಕೊಳ್ಳಲು ಹೆಚ್ಚುಕಡಿಮೆ ಒಂದು ವರ್ಷ ಕಾಯಬೇಕು. ಮುಂದಿನ ಬೇಸಿಗೆಯ ಗಾಳಿಗೆ ನಾಗಾಸಾಕಿ. ಅಲ್ಲಿ ರೇಷ್ಮೆ ಕೊಟ್ಟು ಬೆಳ್ಳಿ ತಗೊಂಡು ಚಳಿಗಾಲದ ಗಾಳಿಗೆ ವಾಪಸು. ಒಂದು ಸುತ್ತಿಗೆ ಎರಡು ಮೂರು ವರ್ಷ. ಆಗ ಚೀನಾವನ್ನು ಆಳುತ್ತಿದ್ದ ಮಿಂಗ್ ಮನೆತನ ಜಪಾನಿನ ಜೊತೆ ನೇರ ವ್ಯಾಪಾರ ನಿಲ್ಲಿಸಿತ್ತು. ಆ ಜಾಗಕ್ಕೆ ಪೋರ್ಚುಗೀಸರು ದಲ್ಲಾಳಿಗಳಾಗಿ ನುಗ್ಗಿದರು. ಅವರ ದೊಡ್ಡ ಹಡಗುಗಳಲ್ಲಿ ಸಾವಿರ ಟನ್ ಮೀರಿದವೂ ಇದ್ದವು.

ಇಂಥ ತೆರೆಗಳನ್ನು ಕೊಂಡವರಲ್ಲಿ ಬಂದರು ಊರಿನ ಸಾಹುಕಾರರು ಬಹಳ. ಅವರಿಗೆ ಇದು ಚರಿತ್ರೆಯ ದಾಖಲೆ ಅಲ್ಲ, ಮನೆಗೆ ಶುಭ ತರುವ ಚಿತ್ರ. ಜಪಾನಿಗಳಲ್ಲಿ ಸಂಪತ್ತು ಹೊತ್ತು ತರುವ ‘ತಕಾರಾಬುನೆ’ ಅನ್ನುವ ನಿಧಿಯ ಹಡಗಿನ ನಂಬಿಕೆ ಮೊದಲೇ ಇತ್ತು. ಕಪ್ಪು ಹಡಗು ಆ ಜಾಗದಲ್ಲಿ ಬಂದು ಕೂತಿತು. ನಮ್ಮಲ್ಲಿ ಅಂಗಡಿಯಲ್ಲಿ ಲಕ್ಷ್ಮಿಯ ಪಟ ಹಾಕುವುದಿಲ್ವಾ, ಹಾಗೆ. ಕ್ರೈಸ್ತ ಧರ್ಮಕ್ಕೆ ನಿಷೇಧ ಬಿದ್ದ ಮೇಲೂ ಈ ಚಿತ್ರಗಳು ಉಳಿದು ಬಂದದ್ದಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ.

ಸರಕಿನ ನಡುವೆ ಕುದುರೆಗಳನ್ನು ಗಮನಿಸಿ. 1591ರಲ್ಲಿ ಜೆಸ್ಯೂಟ್ ಪಾದ್ರಿ ಅಲೆಸ್ಸಾಂಡ್ರೊ ವಾಲಿನ್ಯಾನೊ ಕ್ಯೋಟೋದಲ್ಲಿ ಹಿದೆಯೋಶಿಯನ್ನು ಕಂಡ. ಹೋದದ್ದು ಗೋವಾದ ವೈಸರಾಯನ ರಾಯಭಾರಿಯಾಗಿ. ಕಾಣಿಕೆಗಳಲ್ಲಿ ಎಲ್ಲರ ಕಣ್ಣು ಸೆಳೆದದ್ದು ಅಲಂಕರಿಸಿದ ಒಂದು ಅರಬ್ಬೀ ಕುದುರೆ. ವೈಸರಾಯ್ ದುವಾರ್ತೆ ದಿ ಮೆನೆಝೆಸ್ 1588ರಲ್ಲಿ ಬರೆಸಿದ ಓಲೆ ಈಗಲೂ ಕ್ಯೋಟೋದ ಮ್ಯೋಹೋ-ಇನ್ ದೇವಸ್ಥಾನದಲ್ಲಿ ಭದ್ರವಾಗಿದೆ. ಈ ಮೆರವಣಿಗೆಯ ನೆನಪು ತೆರೆಗಳ ಮೆರವಣಿಗೆಯಲ್ಲಿ ಇದ್ದರೂ ಇದ್ದೀತು. ಅರಬ್ಬೀ ಕುದುರೆಯನ್ನು ಗೋವಾಕ್ಕೆ ತಂದು ಅಲ್ಲಿಂದ ಮಾರುವುದು ಪೋರ್ಚುಗೀಸರ ಹಳೇ ವ್ಯಾಪಾರ. ಹಿಂದೆ ಅವರ ದೊಡ್ಡ ಗಿರಾಕಿ ಯಾರು? ವಿಜಯನಗರದ ಅರಸರು. ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನಲ್ಲೂ ಪರದೇಶದವರು, ಕುದುರೆಗಳು ಇವೆ. ಅಲ್ಲಿನ ಶಿಲ್ಪಿಯೂ ಕಾನೋ ಚಿತ್ರಕಾರನ ಹಾಗೇ ಪರದೇಶದವರ ಗಡ್ಡ, ಟೊಪ್ಪಿಗಳನ್ನು ಬಿಡದೆ ಕಡೆದಿದ್ದಾನೆ.

ಇನ್ನು ನೀವು ಕೇಳಿದ ಕಪ್ಪು ಮೈಬಣ್ಣದ ಆಳುಗಳು. ಇವರ ಬಗ್ಗೆ ನಾನು ಸ್ವಲ್ಪ ನಿಧಾನಿಸಿ ಹೇಳಬೇಕು. ಬಹಳ ಪುಸ್ತಕಗಳು ಇವರನ್ನು ಒಂದು ಸಾಲಿನಲ್ಲಿ ದಾಟಿ ಹೋಗುತ್ತವೆ. ಇವರಲ್ಲಿ ಆಫ್ರಿಕಾದಿಂದ, ಅದರಲ್ಲೂ ಮೊಝಾಂಬಿಕ್ ಕಡೆಯಿಂದ ತಂದ ಗುಲಾಮರಿದ್ದರು. ನಮ್ಮ ಕರಾವಳಿಯವರೂ ಮಲಯ ಕಡೆಯವರೂ ಇದ್ದರು. ಹಡಗಿನ ದುಡಿಮೆ ಬಹುಪಾಲು ಇಂಥವರದೇ. ಚಿತ್ರದಲ್ಲಿ ಅವರು ಕೊಡೆ ಹಿಡಿದಿದ್ದಾರೆ, ಪೆಟ್ಟಿಗೆ ಹೊತ್ತಿದ್ದಾರೆ, ಕುದುರೆಯ ಲಗಾಮು ಹಿಡಿದಿದ್ದಾರೆ, ಹಗ್ಗ ಹತ್ತಿದ್ದಾರೆ. ಎಷ್ಟೋ ಜನರ ಕಾಲಲ್ಲಿ ಮೆಟ್ಟಿಲ್ಲ. ಯಾರು ಆಫ್ರಿಕಾದವನು, ಯಾರು ಕೊಂಕಣದವನು ಅಂತ ಚಿತ್ರದಿಂದ ಹೇಳಲಾಗುವುದಿಲ್ಲ. ಚಿತ್ರಕಾರ ಬಿಳಿಯರ ಪಂಥಗಳನ್ನು ಬೇರ್ಪಡಿಸಿ ಬರೆದವನು, ಇವರನ್ನೆಲ್ಲ ಒಂದೇ ಕಂದು ಬಣ್ಣದಲ್ಲಿ ಬರೆದ.

ಆದರೆ ಕೆಲವರ ಹೆಸರು ಉಳಿದಿದೆ. ವಾಲಿನ್ಯಾನೊ ಜೊತೆ ಬಂದ ಆಫ್ರಿಕಾದ ಒಬ್ಬ ಆಳು 1581ರಲ್ಲಿ ಜಪಾನಿನ ಪ್ರಬಲ ದಂಡನಾಯಕ ಓದಾ ನೊಬುನಾಗನ ಮೆಚ್ಚುಗೆ ಗಳಿಸಿ ಅವನ ಸೇವೆಗೆ ಸೇರಿದ. ಜಪಾನಿಗಳು ಅವನನ್ನು ಯಾಸುಕೆ ಅಂದರು. ಮುಂಬಯಿ ಹತ್ತಿರದ ವಸಾಯಿಯಲ್ಲಿ ಹುಟ್ಟಿದ ಗೊನ್ಸಾಲೊ ಗಾರ್ಸಿಯಾ ಅನ್ನುವವನು ಜಪಾನಿ ಭಾಷೆ ಚೆನ್ನಾಗಿ ಕಲಿತು, ಫ್ರಾನ್ಸಿಸ್ಕನ್ನರಿಗೆ ದುಭಾಷಿಯಾದ. 1597ರ ಫೆಬ್ರವರಿ 5ರಂದು ನಾಗಾಸಾಕಿಯಲ್ಲಿ 26 ಕ್ರೈಸ್ತರನ್ನು ಶಿಲುಬೆಗೆ ಏರಿಸಿದಾಗ ಅವನೂ ಅವರಲ್ಲಿ ಒಬ್ಬ. ಬಂಗಾರದ ತೆರೆಗಳು ತಯಾರಾಗುತ್ತಿದ್ದ ಕಾಲವೂ ಅದೇ.

ಮುಂದೇನಾಯಿತು ಅಂತ ಬೇಗ ಹೇಳಿಬಿಡುತ್ತೇನೆ. 1614ರಲ್ಲಿ ಕ್ರೈಸ್ತ ಧರ್ಮಕ್ಕೆ ದೇಶಾದ್ಯಂತ ನಿಷೇಧ ಬಿತ್ತು. 1639ರಲ್ಲಿ ಪೋರ್ಚುಗೀಸರನ್ನು ಪೂರ್ತಿ ಹೊರಗೆ ಹಾಕಿದರು. ಅವರನ್ನು ಕೂಡಿಡಲು ಅಂತ 1636ರಲ್ಲಿ ನಾಗಾಸಾಕಿಯಲ್ಲಿ ಮಣ್ಣು ತುಂಬಿ ಮಾಡಿದ ಬೀಸಣಿಗೆ ಆಕಾರದ ದೆಜಿಮಾ ದ್ವೀಪ 1641ರಿಂದ ಡಚ್ಚರ ಪಾಲಾಯಿತು. ಸುಮಾರು ಮೂರೂಮುಕ್ಕಾಲು ಎಕರೆ ಜಾಗ, ಊರಿಗೆ ಒಂದೇ ಸೇತುವೆ. ಇನ್ನೂರು ವರ್ಷಕ್ಕೂ ಜಾಸ್ತಿ ಕಾಲ ಯುರೋಪಿನವರಿಗೆ ಜಪಾನ್ ಅಂದರೆ ಅಷ್ಟೇ. ಡಚ್ಚರಿಗೆ ಜಪಾನಿಗಳು ಕೊಟ್ಟ ಹೆಸರು ಕೆಂಪು ಕೂದಲಿನವರು.

ಅಲ್ಲಿ ಚಿತ್ರದ ದಾರಿಯೂ ಬದಲಾಯಿತು. ದೂರದಿಂದ ಬೆರಗಾಗಿ ನೋಡುವುದು ಹೋಗಿ, ಒಳಗೆ ಹೋಗಿ ಬರೆಯುವುದು ಬಂತು. ಬಂದ ಸರಕು, ಪ್ರಾಣಿ ಪಕ್ಷಿಗಳನ್ನು ಬರೆದಿಡಲು ಅಂತಲೇ ಸರ್ಕಾರದ ಚಿತ್ರಕಾರರಿದ್ದರು. ಕವಾಹರಾ ಕೇಗಾ ಅನ್ನುವವನಿಗೆ ದೆಜಿಮಾದೊಳಗೆ ಹೋಗಿಬರಲು ಅನುಮತಿ ಇತ್ತು. ಡಚ್ಚರು ಊಟಕ್ಕೆ ಕೂತದ್ದು, ಬಿಲಿಯರ್ಡ್ಸ್ ಆಡುವುದು ಈ ಚಿತ್ರಗಳಿಗೆ ವಿಷಯವಾಯಿತು.

ಕೇಗಾನ ಒಂದು ಚಿತ್ರ ನನಗೆ ಬಹಳ ಇಷ್ಟ. ಡಚ್ ಹಡಗು ಬಂದರಿಗೆ ಬರುತ್ತಿದೆ. ದೆಜಿಮಾದಲ್ಲಿ ಡಚ್ಚರ ವೈದ್ಯನಾಗಿದ್ದ ಡಾಕ್ಟರ್ ಸೀಬೋಲ್ಡ್ ದುರ್ಬೀನು ಹಿಡಿದು ಅದನ್ನು ನೋಡುತ್ತಿದ್ದಾನೆ. ಪಕ್ಕದಲ್ಲಿ ಅವನ ಜಪಾನಿ ಸಂಗಾತಿ ತಾಕಿ, ಜೊತೆಗೆ ಹಸುಗೂಸು ಇನೆ. ಇನೆ ಹುಟ್ಟಿದ್ದು 1827ರಲ್ಲಿ. ಜಪಾನಿನ ನಕಾಶೆಗಳನ್ನು ಇಟ್ಟುಕೊಂಡಿದ್ದ ಅಂತ 1829ರಲ್ಲಿ ಸೀಬೋಲ್ಡನನ್ನು ಗಡೀಪಾರು ಮಾಡಿದರು. ಮಗು ಅಲ್ಲೇ ಉಳಿಯಿತು. ದೊಡ್ಡವಳಾಗಿ ಪಾಶ್ಚಾತ್ಯ ವೈದ್ಯ ಕಲಿತ ಜಪಾನಿನ ಮೊದಲ ಹೆಣ್ಣು ಡಾಕ್ಟರ್ ಅನ್ನಿಸಿಕೊಂಡಳು. ಇನ್ನೊಬ್ಬಳು ಟಿಟಿಯಾ ಬೆರ್ಗ್ಸ್ಮಾ. 1817ರಲ್ಲಿ ದೆಜಿಮಾದ ಡಚ್ ಮುಖ್ಯಸ್ಥ ಬ್ಲೋಮ್‌ಹಾಫ್‌ನ ಹೆಂಡತಿಯಾಗಿ ಪುಟ್ಟ ಮಗನನ್ನು ಕರೆದುಕೊಂಡು ಬಂದಳು. ಹೆಂಗಸರು ಇರಕೂಡದು ಅಂತ ಕೆಲವೇ ತಿಂಗಳಲ್ಲಿ ವಾಪಸು ಕಳಿಸಿದರು. ಗಂಡನನ್ನು ಅವಳು ಮತ್ತೆ ನೋಡಲಿಲ್ಲ, 1821ರಲ್ಲಿ ತೀರಿಕೊಂಡಳು. ಆದರೆ ಆ ಕೆಲವು ತಿಂಗಳಲ್ಲಿ ನಾಗಾಸಾಕಿಯ ಚಿತ್ರಕಾರರು ಅವಳನ್ನು ಎಷ್ಟು ಬರೆದರು ಅಂದರೆ, ಆಮೇಲೆ ಅಚ್ಚಿನ ಚಿತ್ರಗಳಲ್ಲಿ, ಪಿಂಗಾಣಿಯ ಮೇಲೆ, ಎಲ್ಲ ಕಡೆ ಅವಳೇ.

1859ರಲ್ಲಿ ಯೊಕೊಹಾಮಾ ಬಂದರು ವಿದೇಶಿಯರಿಗೆ ತೆರೆದಾಗ ಇದೇ ಹುಚ್ಚು ಎದೋ ಪಟ್ಟಣಕ್ಕೆ, ಅಂದರೆ ಇವತ್ತಿನ ಟೋಕಿಯೊಕ್ಕೆ, ಹತ್ತಿತು. ಈ ಸಲ ಅಗ್ಗದ ಮರದಚ್ಚಿನ ಚಿತ್ರಗಳು. ಸದಾಹಿದೆ, ಯೋಶಿಕಾಝು ಮುಂತಾದವರು ಮುಖ್ಯವಾಗಿ 1860–61ರಲ್ಲಿ ಐದು ದೇಶದವರ ಬಟ್ಟೆ, ಬಂಗಲೆ, ಅಡುಗೆಮನೆ ಎಲ್ಲ ಬರೆದು ಗುಡ್ಡೆ ಹಾಕಿದರು. ಕೆಲವರು ನಿಜವಾಗಿ ಹೋಗಿ ನೋಡಿದರು. ಕೆಲವರು ಇಂಗ್ಲೆಂಡಿನ ವಾರಪತ್ರಿಕೆಯ ಚಿತ್ರಗಳಿಂದ ಕದ್ದರು. ಸದಾಹಿದೆ ನೋಡಿ ಬರೆದವನು, ಅವನನ್ನು ಹೆಚ್ಚು ನಂಬಬಹುದು. ಇವು ಬೇರೆಯದೇ ಕತೆ, ಇಲ್ಲಿಗೆ ಬಿಡುತ್ತೇನೆ.

ನೀವು ಇನ್ನೂ ಇಂಥವನ್ನು ನೋಡಬೇಕು ಅಂದರೆ ಕೋಬೆ ಮ್ಯೂಸಿಯಂ ಒಳ್ಳೆಯ ಶುರು. ಇಕೆನಾಗಾ ಹಾಜಿಮೆ ಅನ್ನುವ ಸಂಗ್ರಾಹಕ ಕೂಡಿಸಿದ ಚಿತ್ರಗಳು ಅಲ್ಲಿವೆ. ಬೆಳಕಿಗೆ ಬಣ್ಣ ಮಾಸುತ್ತದೆ ಅಂತ ತೆರೆಗಳನ್ನು ವರ್ಷವಿಡೀ ಹೊರಗಿಡುವುದಿಲ್ಲ, ಮಗಳು ಹೋಗುವ ಮೊದಲು ವಿಚಾರಿಸಲಿ. ಕಾನೋ ದೋಮಿಯದು ಅನ್ನುವ ಇನ್ನೊಂದು ಸೊಗಸಾದ ಜೋಡಿ ಲಿಸ್ಬನ್ನಿನ ಪ್ರಾಚೀನ ಕಲೆಯ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ. ಇವೆರಡರ ಒಳ್ಳೆಯ ಫೋಟೊಗಳು ಇಂಟರ್‌ನೆಟ್‌ನಲ್ಲಿ ಸಿಗುತ್ತವೆ. ದೊಡ್ಡದು ಮಾಡಿಕೊಂಡು ಬಲಗಡೆಯಿಂದ ನೋಡುತ್ತಾ ಬನ್ನಿ. ಮೊದಲು ಕಣ್ಣು ಹಡಗಿನ ಕಡೆ, ಆಮೇಲೆ ಮುಖ್ಯಸ್ಥನ ಬಟ್ಟೆಯ ಕಡೆ ಹೋಗುತ್ತದೆ. ಅವನ ಹಿಂದೆ ಕೊಡೆ ಹಿಡಿದವನ ಹತ್ತಿರ ಬಂದಾಗ ಒಂದು ನಿಮಿಷ ನಿಲ್ಲಿ. ಅವನು ಮೊಝಾಂಬಿಕ್ ಕಡೆಯವನೂ ಇರಬಹುದು, ನಿಮ್ಮ ಕರಾವಳಿಯಿಂದ ಹಡಗು ಹತ್ತಿದವನೂ ಇರಬಹುದು.